ವಜ್ರದ ಬೆಳಕು, ಗುಡ್ಡದ ಗಾಳಿ: ಅನ್ನಾ ಮಣಿ ಅವರ ವಿಜ್ಞಾನ ಜೀವನ

ಗದಗ ಜಿಲ್ಲೆಯ ಕಪ್ಪತಗುಡ್ಡದ ಸಾಲು ಗದಗದ ಸಮೀಪದ ಬಿಂಕದಕಟ್ಟಿಯ ಬಳಿ ಆರಂಭವಾಗಿ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳನ್ನು ಹಾದು, ತುಂಗಭದ್ರೆಯ ದಂಡೆಯಲ್ಲಿರುವ ಸಿಂಗಟಾಲೂರಿನವರೆಗೆ ಚಾಚಿಕೊಂಡಿದೆ. ಈ ಸಾಲಿನ ಸಂಪತ್ತನ್ನು ಕುರಿತ ಆಧುನಿಕ ಅಧ್ಯಯನವು ನೆಲದೊಳಗಿನ ಚಿನ್ನದಿಂದ ಆರಂಭವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ರಾಬರ್ಟ್ ಬ್ರೂಸ್ ಫುಟ್ ಅವರು ಡಂಬಳದ ಗುಡ್ಡಗಳ ಚಿನ್ನ ಹೊತ್ತ ಶಿಲೆಗಳನ್ನು ಪರಿಶೀಲಿಸಿ 1874ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಣಿ ಕಂಪನಿಗಳು ಇಲ್ಲಿ ನೆಲವನ್ನು ಅಗೆದವಾದರೂ ಆ ಉದ್ಯಮ ಬಹುಕಾಲ ಬಾಳಲಿಲ್ಲ. ಅದೇ ಗುಡ್ಡದ ನೆತ್ತಿಯ ಮೇಲೆ ಬೀಸುವ ಗಾಳಿಯೂ ಒಂದು ಸಂಪತ್ತೆಂಬ ಅರಿವು ಲೆಕ್ಕದ ಪುಸ್ತಕವನ್ನು ಸೇರಲು ಮತ್ತೆ ಹಲವು ದಶಕಗಳು ಬೇಕಾದವು. ಇಂದು ಈ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ.

ಭಾರತದ ಗಾಳಿಯನ್ನು ಹೀಗೆ ಅಂಕಿಗಳಿಗೆ ಇಳಿಸಿದವರಲ್ಲಿ ಅಗ್ರಗಣ್ಯರಾದವರು ಅನ್ನಾ ಮಣಿ. ಹವಾಮಾನ ವಿಜ್ಞಾನಿಯೆಂದೇ ಹೆಸರಾದ ಅವರ ಸಂಶೋಧನೆಯ ಮೊದಲ ವಸ್ತು ವಜ್ರವಾಗಿತ್ತು; ಅವರ ಮೊದಲ ಪ್ರಯೋಗಶಾಲೆ ಬೆಂಗಳೂರಿನಲ್ಲಿತ್ತು. ವಜ್ರವನ್ನು ಕೃತಕವಾಗಿ ತಯಾರಿಸುವ ಪ್ರಯತ್ನಗಳು ಇನ್ನೂ ಫಲಿಸದಿದ್ದ ಕಾಲದಲ್ಲಿ, ವಜ್ರವು ಹೊರಸೂಸುವ ಬೆಳಕನ್ನು ಅವರು ಅಳೆದರು. ಆ ಕೆಲಸಕ್ಕೆ ಅವರಿಗೆ ಪದವಿ ದೊರೆಯಲಿಲ್ಲ. ಆದರೆ ಆ ಬಗೆಯ ಅಳತೆಯೇ ಮುಂದೆ ಸಹಜ ವಜ್ರವನ್ನೂ ಕೃತಕ ವಜ್ರವನ್ನೂ ಬೇರ್ಪಡಿಸುವ ಒರೆಗಲ್ಲಾಯಿತು. ಅವರ ಬದುಕಿನ ಈ ಎರಡು ಘಟ್ಟಗಳನ್ನು ಒಟ್ಟಿಗೆ ನೋಡಿದಾಗ ಮಾತ್ರ ಅವರ ಸಾಧನೆಯ ಸ್ವರೂಪ ಸ್ಪಷ್ಟವಾಗುತ್ತದೆ.

ಬಾಲ್ಯ ಮತ್ತು ಶಿಕ್ಷಣ

ಅನ್ನಾ ಮಣಿ 1918ರ ಆಗಸ್ಟ್ 23ರಂದು ಅಂದಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಜನಿಸಿದರು. ತಂದೆ ಸಿವಿಲ್ ಎಂಜಿನಿಯರ್. ಏಲಕ್ಕಿ ತೋಟಗಳ ಒಡೆಯರು. ಎಂಟು ಮಕ್ಕಳಲ್ಲಿ ಅನ್ನಾ ಏಳನೆಯವರು. ಗಂಡುಮಕ್ಕಳನ್ನು ಉನ್ನತ ಹುದ್ದೆಗಳಿಗೂ ಹೆಣ್ಣುಮಕ್ಕಳನ್ನು ವಿವಾಹಕ್ಕೂ ಸಜ್ಜುಗೊಳಿಸುವುದು ಅಂತಹ ಅನುಕೂಲಸ್ಥ ಮನೆಗಳ ವಾಡಿಕೆಯಾಗಿತ್ತು. ಎಂಟನೆಯ ಹುಟ್ಟುಹಬ್ಬಕ್ಕೆ ವಜ್ರದ ಓಲೆಗಳನ್ನು ಉಡುಗೊರೆಯಾಗಿ ಕೊಡುವುದು ಆ ಮನೆತನದ ಪದ್ಧತಿ. ಅನ್ನಾ ಅವನ್ನು ಒಲ್ಲೆನೆಂದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಸಂಪುಟಗಳನ್ನು ಕೇಳಿ ಪಡೆದರು. ವಜ್ರವನ್ನು ಕಿವಿಗೆ ತೊಡಲು ಒಪ್ಪದ ಬಾಲಕಿ ಮುಂದೆ ಅದೇ ವಜ್ರವನ್ನು ಪ್ರಯೋಗದ ಮೇಜಿನ ಮೇಲೆ ಇರಿಸಿಕೊಂಡದ್ದು ಆಕಸ್ಮಿಕವಾದರೂ ಅರ್ಥಪೂರ್ಣವಾಗಿದೆ.

ವೈಕಂ ಸತ್ಯಾಗ್ರಹದ ಸಂದರ್ಭದಲ್ಲಿ, 1925ರಲ್ಲಿ, ಗಾಂಧೀಜಿ ಆ ಪ್ರಾಂತಕ್ಕೆ ಭೇಟಿಯಿತ್ತರು. ಅದರ ಪ್ರಭಾವದಿಂದ ಅನ್ನಾ ಖಾದಿಯನ್ನು ಧರಿಸತೊಡಗಿದರು. ಆ ವ್ರತ ಕೊನೆಯವರೆಗೂ ನಡೆದುಬಂದಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನ ಮತ್ತು ರಸಾಯನವಿಜ್ಞಾನಗಳನ್ನು ಅಭ್ಯಾಸ ಮಾಡಿ 1939ರಲ್ಲಿ ಆನರ್ಸ್ ಪದವಿ ಪಡೆದರು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಕೈಗೊಳ್ಳಲು ವಿದ್ಯಾರ್ಥಿವೇತನ ದೊರೆಯಿತು. ಅಲ್ಲಿ ಅವರು ಸೇರಿದ್ದು ಸರ್ ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯನ್ನು.

ಬೆಂಗಳೂರಿನಲ್ಲಿ ವಜ್ರ ಸಂಶೋಧನೆ

ರಾಮನ್ ಅವರಿಗೆ ವಜ್ರದ ಬಗೆಗೆ ವಿಶೇಷವಾದ ಒಲವಿತ್ತು. ಒಂದೇ ಧಾತುವಿನಿಂದ, ಅಂದರೆ ಇಂಗಾಲದಿಂದ, ಅತ್ಯಂತ ಕ್ರಮಬದ್ಧವಾಗಿ ರೂಪುಗೊಂಡ ಈ ಹರಳು ಘನವಸ್ತುಗಳ ರಚನೆಯನ್ನು ಅರಿಯಲು ಒಂದು ಮಾದರಿ ಎಂಬುದು ಅವರ ನಂಬಿಕೆ. 1930ರಲ್ಲಿ ಮದರಾಸಿನ ಸಿ. ರಾಮಸ್ವಾಮಿ ಅವರು ವಜ್ರದಲ್ಲಿ ರಾಮನ್ ಪರಿಣಾಮವನ್ನು ಗುರುತಿಸಿದ್ದರು. ವಜ್ರದಿಂದ ಚದುರಿದ ಬೆಳಕಿನಲ್ಲಿ ಮೂಡುವ, 1332 ಎಂಬ ತರಂಗಸಂಖ್ಯೆಯ ಆ ಒಂಟಿ ರೇಖೆಯು ವಜ್ರದ ಹೆಬ್ಬೆಟ್ಟಿನ ಗುರುತಿದ್ದಂತೆ. ಪ್ರಯೋಗಶಾಲೆಯಲ್ಲಿ ತಯಾರಾದ ಪದರವು ನಿಜಕ್ಕೂ ವಜ್ರವೇ ಎಂಬುದನ್ನು ಇಂದಿಗೂ ಆ ರೇಖೆಯಿಂದಲೇ ಖಚಿತಪಡಿಸಿಕೊಳ್ಳುತ್ತಾರೆ.

1940ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನ ಈ ಪ್ರಯೋಗಶಾಲೆ ವಜ್ರ ಸಂಶೋಧನೆಯ ಒಂದು ಪ್ರಮುಖ ಕೇಂದ್ರವಾಗಿತ್ತು. ಆರ್. ಎಸ್. ಕೃಷ್ಣನ್, ಜಿ. ಎನ್. ರಾಮಚಂದ್ರನ್, ಎಸ್. ರಾಮಶೇಷನ್ ಮೊದಲಾದವರು ವಜ್ರದ ಬೇರೆಬೇರೆ ಗುಣಗಳನ್ನು ಹಿಡಿದು ಕೆಲಸ ಮಾಡಿದರು. ಅನ್ನಾ ಮಣಿ ಅವರ ಪಾಲಿಗೆ ಬಂದದ್ದು ವಜ್ರದ ದೀಪ್ತಿ. ಅತಿನೇರಳೆ ಬೆಳಕನ್ನು ಬೀರಿದಾಗ ಕೆಲವು ವಜ್ರಗಳು ನೀಲಿಯಾಗಿ ಹೊಳೆಯುತ್ತವೆ, ಕೆಲವು ಹಸಿರಾಗಿ. ಮತ್ತೆ ಕೆಲವು ಹೊಳೆಯುವುದೇ ಇಲ್ಲ. ಬರಿಗಣ್ಣಿಗೆ ಒಂದೇ ತೆರನಾಗಿ ಕಾಣುವ ಹರಳುಗಳಲ್ಲಿ ಈ ಭೇದವೇಕೆ ಎಂಬುದು ಪ್ರಶ್ನೆಯಾಗಿತ್ತು.

ಮೂವತ್ತಕ್ಕೂ ಹೆಚ್ಚು ವಜ್ರಗಳ ದೀಪ್ತಿ, ಹೀರಿಕೆ ಹಾಗೂ ರಾಮನ್ ರೋಹಿತಗಳನ್ನು ಅವರು ದಾಖಲಿಸಿದರು. ಕೆಲಸದ ಕಷ್ಟ ಸಾಮಾನ್ಯವಾದುದಲ್ಲ. ಹರಳಿನ ಕಣಗಳ ಕಂಪನವನ್ನು ತಗ್ಗಿಸಿದರೆ ರೋಹಿತದ ರೇಖೆಗಳು ಚೂಪಾಗುತ್ತವೆ. ಅದಕ್ಕಾಗಿ ವಜ್ರವನ್ನು ದ್ರವವಾಯುವಿನ ಶೈತ್ಯದಲ್ಲಿ ಇರಿಸಬೇಕಿತ್ತು. ಹೊಳಪು ತೀರ ಮಂದವಾಗಿದ್ದುದರಿಂದ ಛಾಯಾಫಲಕವನ್ನು ಹದಿನೈದು ಇಪ್ಪತ್ತು ತಾಸು ಬೆಳಕಿಗೆ ಒಡ್ಡಬೇಕಾಗುತ್ತಿತ್ತು. ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಶಾಲೆಯಲ್ಲಿಯೇ ಕಳೆದರು. 1942ರಿಂದ 1945ರ ಅವಧಿಯಲ್ಲಿ ವಜ್ರ ಮತ್ತು ಮಾಣಿಕ್ಯಗಳ ದೀಪ್ತಿಯನ್ನು ಕುರಿತು ಐದು ಪ್ರಬಂಧಗಳು ಅವರೊಬ್ಬರ ಹೆಸರಿನಲ್ಲಿಯೇ ಪ್ರಕಟವಾದವು. ನೀಲಿ ದೀಪ್ತಿಗೆ ಸುಮಾರು 415 ನ್ಯಾನೋಮೀಟರ್ ತರಂಗಾಂತರದ ರೇಖೆಯೂ ಹಸಿರು ದೀಪ್ತಿಗೆ ಸುಮಾರು 503 ನ್ಯಾನೋಮೀಟರ್ ತರಂಗಾಂತರದ ರೇಖೆಯೂ ಮೂಲಾಧಾರ. ಆ ರೇಖೆಗಳನ್ನೂ ಅವುಗಳ ಇಕ್ಕೆಲದಲ್ಲಿ ಹರಡಿದ ಪಟ್ಟಿಗಳನ್ನೂ ಅವರು ಒಂದೊಂದಾಗಿ ಅಳೆದು ಕೋಷ್ಟಕಗಳಲ್ಲಿ ಇರಿಸಿದರು.

ಈ ಪ್ರಯೋಗಶಾಲೆಯ ವಾತಾವರಣವು ಮಹಿಳೆಯರಿಗೆ ಅನುಕೂಲವಾಗಿರಲಿಲ್ಲ ಎಂಬುದನ್ನೂ ದಾಖಲಿಸಬೇಕು. 1933ರಲ್ಲಿ ಕಮಲಾ ಭಾಗವತ್ ಅವರಿಗೆ ಹೆಣ್ಣೆಂಬ ಕಾರಣಕ್ಕೆ ರಾಮನ್ ಪ್ರವೇಶವನ್ನು ನಿರಾಕರಿಸಿ, ಅವರ ಪಟ್ಟಿನಿಂದಾಗಿ ಒಂದು ವರ್ಷದ ಪರೀಕ್ಷಾರ್ಥ ಅವಧಿಗೆ ಒಪ್ಪಿದ ಪ್ರಸಂಗ ಪ್ರಸಿದ್ಧವಾಗಿದೆ. ರಾಮನ್ ಅವರ ಶಿಷ್ಯವೃಂದದಲ್ಲಿ ಮಹಿಳೆಯರು ಬೆರಳೆಣಿಕೆಯಷ್ಟು ಮಾತ್ರ. ಅನ್ನಾ ಮಣಿ ಅವರ ಜೊತೆಗಿದ್ದ ಸುನಂದಾಬಾಯಿ ಅವರಲ್ಲೊಬ್ಬರು. ಗಂಡಸರು ಹೆಂಗಸರು ಬೆರೆತು ಮಾತನಾಡುವುದಕ್ಕೆ ಅಲ್ಲಿ ಸಮ್ಮತಿ ಇರಲಿಲ್ಲ. ಸಹಸಂಶೋಧಕರು ತಮ್ಮತಮ್ಮಲ್ಲಿ ನಡೆಸುವ ಚರ್ಚೆಯಿಂದ ವಿಚಾರಗಳು ಹರಿತಗೊಳ್ಳುತ್ತವೆ. ಆ ಅವಕಾಶ ಇವರಿಗೆ ಬಹುಮಟ್ಟಿಗೆ ತಪ್ಪಿಹೋಯಿತು.

ದೊರೆಯದ ಪದವಿ

1945ರ ಆಗಸ್ಟ್ ತಿಂಗಳಲ್ಲಿ ಅನ್ನಾ ಮಣಿ ತಮ್ಮ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಗೆ ಆಗ ಸ್ವತಃ ಪದವಿ ನೀಡುವ ಅಧಿಕಾರವಿರಲಿಲ್ಲ. ಅದು ದೊರೆತದ್ದು 1958ರಲ್ಲಿ. ಅನ್ನಾ ಮಣಿ ಅವರಿಗೆ ಎಂ.ಎಸ್‌ಸಿ. ಪದವಿ ಇಲ್ಲ, ಆದಕಾರಣ ಪಿಎಚ್.ಡಿ. ಪದವಿಗೆ ಅರ್ಹರಲ್ಲ ಎಂದು ವಿಶ್ವವಿದ್ಯಾಲಯ ನಿರ್ಣಯಿಸಿತು. ಆನರ್ಸ್ ಪದವಿಯನ್ನೂ ಸಂಶೋಧನಾ ವಿದ್ಯಾರ್ಥಿವೇತನವನ್ನೂ ಪಡೆದಿದ್ದರೆಂಬ ಸಂಗತಿ, ಐದು ಪ್ರಬಂಧಗಳು ಅಚ್ಚಾಗಿದ್ದವೆಂಬ ಸಂಗತಿ ಗಣನೆಗೆ ಬರಲಿಲ್ಲ. ಆ ಮಹಾಪ್ರಬಂಧದ ಪ್ರತಿಯು, ಪದವಿ ಪಡೆದ ಇತರ ಪ್ರಬಂಧಗಳಂತೆಯೇ ಹೊದಿಕೆ ಹಾಕಿಸಿಕೊಂಡು, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯವನ್ನು ಸೇರಿತು. ಹೊರನೋಟಕ್ಕೆ ಅವುಗಳಲ್ಲಿ ಭೇದವಿಲ್ಲ. ಅನ್ನಾ ಮಣಿ ಅವರು ಈ ಕುರಿತು ಕಹಿಯನ್ನು ಉಳಿಸಿಕೊಳ್ಳಲಿಲ್ಲ. ಪದವಿಯ ಕೊರತೆಯಿಂದ ತಮ್ಮ ಬದುಕಿಗೆ ನಷ್ಟವಾಗಲಿಲ್ಲವೆಂದೇ ಹೇಳುತ್ತಿದ್ದರು. ಆದರೆ ವ್ಯಕ್ತಿಯ ಔದಾರ್ಯವು ವ್ಯವಸ್ಥೆಯ ಲೋಪವನ್ನು ಮನ್ನಿಸಲು ಕಾರಣವಾಗಲಾರದು.

ಕೃತಕ ವಜ್ರ ಮತ್ತು ದೀಪ್ತಿಯ ಸಾಕ್ಷ್ಯ

ಆ ಅಳತೆಗಳ ಬೆಲೆಯನ್ನು ಅರಿಯಲು ಕೃತಕ ವಜ್ರದ ಇತಿಹಾಸದತ್ತ ಒಮ್ಮೆ ನೋಡಬೇಕು. ಗ್ಲಾಸ್ಗೋದ ಜೆ. ಬಿ. ಹ್ಯಾನೆ 1880ರಲ್ಲಿ ತಾನು ವಜ್ರವನ್ನು ತಯಾರಿಸಿದುದಾಗಿ ಸಾರಿದನು. ಫ್ರಾನ್ಸಿನ ಹೆನ್ರಿ ಮೊಯಿಸಾನ್ 1893ರಲ್ಲಿ ಅದೇ ಬಗೆಯ ಘೋಷಣೆ ಮಾಡಿದನು. ಇವರ ಪ್ರಯೋಗಗಳನ್ನು ಪುನರಾವರ್ತಿಸಿದವರಿಗೆ ಖಚಿತವಾದ ಫಲ ಸಿಗಲಿಲ್ಲ. ಹ್ಯಾನೆಯದೆಂದು ಹೇಳಲಾದ ಹರಳುಗಳನ್ನು 1943ರಲ್ಲಿ ಬ್ಯಾನಿಸ್ಟರ್ ಮತ್ತು ಕ್ಯಾಥ್ಲೀನ್ ಲಾನ್ಸ್‌ಡೇಲ್ ಕ್ಷ-ಕಿರಣಗಳಿಂದ ಪರೀಕ್ಷಿಸಿ, ಅವು ವಜ್ರಗಳೇ ಎಂದು ತಿಳಿಸಿದರು. ಅವು ವಜ್ರಗಳೆಂಬುದು ದಿಟ. ಆದರೆ ಕುಲುಮೆಯಲ್ಲಿ ಹುಟ್ಟಿದವೋ ಭೂಗರ್ಭದಲ್ಲಿ ಹುಟ್ಟಿದವೋ ಎಂಬುದನ್ನು ಆ ಪರೀಕ್ಷೆ ಹೇಳಲಾರದಾಯಿತು. 1975ರಲ್ಲಿ ಅವುಗಳ ದೀಪ್ತಿಯನ್ನು ಪರೀಕ್ಷಿಸಿದಾಗ ಅವು ಸಹಜ ವಜ್ರಗಳೆಂದು ಗೊತ್ತಾಯಿತು. ಕ್ಷ-ಕಿರಣ ತೀರ್ಮಾನಿಸಲಾಗದ ವ್ಯಾಜ್ಯವನ್ನು ಹರಳಿನ ಬೆಳಕು ತೀರ್ಮಾನಿಸಿತು.

ನಿಜವಾದ ಕೃತಕ ವಜ್ರ ಹುಟ್ಟಿದ್ದು 1950ರ ದಶಕದಲ್ಲಿ. 1953ರಲ್ಲಿ ಸ್ವೀಡನ್ನಿನ ಎಎಸ್ಇಎ ಕಂಪನಿಯವರೂ, 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಟ್ರೇಸಿ ಹಾಲ್ ಅವರೂ ಇದರಲ್ಲಿ ಯಶಸ್ವಿಯಾದರು. ವಾತಾವರಣದ ಒತ್ತಡದ ಹಲವು ಹತ್ತು ಸಾವಿರ ಪಟ್ಟು ಒತ್ತಡವನ್ನೂ ಸಾವಿರಾರು ಡಿಗ್ರಿ ಶಾಖವನ್ನೂ ಒಮ್ಮೆಗೇ ಉಂಟುಮಾಡಿ, ಕರಗಿದ ಲೋಹದ ನೆರವಿನಿಂದ ಗ್ರಾಫೈಟನ್ನು ವಜ್ರವಾಗಿಸುವುದು ಈ ವಿಧಾನ. ಇಂಗಾಲವಿರುವ ಅನಿಲದಿಂದ ಪದರಪದರವಾಗಿ ವಜ್ರವನ್ನು ಬೆಳೆಸುವ ಎರಡನೆಯ ವಿಧಾನವು 1980ರ ದಶಕದಲ್ಲಿ ಜಪಾನಿನ ಸಂಶೋಧಕರಿಂದ ಬಲಗೊಂಡಿತು.

ವಜ್ರದ ದೀಪ್ತಿಗೆ ಕಾರಣವೇನು ಎಂಬ ಪ್ರಶ್ನೆಗೆ ರಾಮನ್ ಅವರು ಹರಳಿನ ಸ್ವಂತ ರಚನೆಯಲ್ಲಿಯೇ ಉತ್ತರವನ್ನು ಅರಸಿದ್ದರು. ವಜ್ರದಲ್ಲಿ ಎರಡು ಬಗೆಯ ಸಮಮಿತಿಗಳು ಬೆರೆತಿರುತ್ತವೆಂದು ಅವರು ವಾದಿಸಿದ್ದರು. 1959ರಲ್ಲಿ ಅಮೆರಿಕದ ಕೈಸರ್ ಮತ್ತು ಬಾಂಡ್ ಅವರು ಅನೇಕ ಸಹಜ ವಜ್ರಗಳಲ್ಲಿ ಸಾರಜನಕವು ಗಣನೀಯ ಪ್ರಮಾಣದಲ್ಲಿರುವುದನ್ನು ತೋರಿಸಿದ ಮೇಲೆ ವಿವರಣೆಯ ದಿಕ್ಕೇ ಬದಲಾಯಿತು. ಒಂದು ತೆರವಾದ ಸ್ಥಾನದ ಸುತ್ತ ಮೂರು ಸಾರಜನಕ ಪರಮಾಣುಗಳು ಕೂಡಿದಾಗ 415ರ ರೇಖೆ ಮೂಡುತ್ತದೆ. ಎರಡು ಪರಮಾಣುಗಳ ನಡುವೆ ತೆರವಿದ್ದಾಗ 503ರ ರೇಖೆ ಮೂಡುತ್ತದೆ. ಚದುರಿದ ಸಾರಜನಕವು ಹೀಗೆ ಮೂರರ ಗುಂಪಾಗಿ ಕೂಡಲು ಭೂಗರ್ಭದ ಶಾಖದಲ್ಲಿ ಅಪಾರ ಕಾಲ ಬೇಕು. ಕೆಲವೇ ದಿನ ಅಥವಾ ವಾರಗಳಲ್ಲಿ ಬೆಳೆದ ಕೃತಕ ವಜ್ರಕ್ಕೆ ಅಷ್ಟು ವ್ಯವಧಾನವಿಲ್ಲ. ಆದಕಾರಣ 415ರ ರೇಖೆಯು ಸಹಜ ವಜ್ರದ ಒಂದು ಮುಖ್ಯ ಕುರುಹಾಗಿದೆ. ಅನಿಲದಿಂದ ಬೆಳೆಸಿದ ಹಲವು ವಜ್ರಗಳಲ್ಲಿ ಅದರ ಬದಲು ಸಿಲಿಕಾನಿಗೆ ಸಂಬಂಧಿಸಿದ 737 ನ್ಯಾನೋಮೀಟರಿನ ರೇಖೆ ಕಾಣುತ್ತದೆ. ಭಾರತದಲ್ಲಿಯೂ ಪ್ರಯೋಗಶಾಲೆಯ ವಜ್ರ ಇಂದು ಒಂದು ದೊಡ್ಡ ಉದ್ಯಮ. 2023ರ ಕೇಂದ್ರ ಆಯವ್ಯಯದಲ್ಲಿ ಘೋಷಿಸಿದಂತೆ ಅದರ ಸಂಶೋಧನೆಗಾಗಿ ಮದರಾಸಿನ ಐಐಟಿಗೆ ಐದು ವರ್ಷಗಳ ಅನುದಾನವೂ ದೊರೆತಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ರಾಮನ್ ಅವರ ಸಿದ್ಧಾಂತ ನಿಲ್ಲಲಿಲ್ಲ. ಆ ಸಿದ್ಧಾಂತದ ನೆರಳಿನಲ್ಲಿ ಅನ್ನಾ ಮಣಿ ಮಾಡಿದ ಅಳತೆಗಳು ನಿಂತವು. ವಿವರಣೆಗಳು ಕಾಲಕಾಲಕ್ಕೆ ಬದಲಾಗುತ್ತವೆ. ಪ್ರಾಮಾಣಿಕವಾಗಿ ಅಳೆದ ರೇಖೆಯ ಸ್ಥಾನ ಬದಲಾಗುವುದಿಲ್ಲ.

ಹವಾಮಾನದ ಉಪಕರಣಗಳು

1945ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅನ್ನಾ ಮಣಿ ಇಂಗ್ಲೆಂಡಿಗೆ ತೆರಳಿದರು. ಭೌತವಿಜ್ಞಾನದಲ್ಲಿ ಮುಂದುವರಿಯುವ ಇಚ್ಛೆಯಿದ್ದರೂ ದೊರೆತದ್ದು ಹವಾಮಾನ ಉಪಕರಣಗಳ ತರಬೇತಿ. 1948ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿ, ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಉಪಕರಣ ವಿಭಾಗವನ್ನು ಸೇರಿದರು. ಸಾಮಾನ್ಯ ಉಪಕರಣಗಳಿಗೂ ವಿದೇಶವನ್ನೇ ನಂಬಿದ್ದ ಕಾಲವದು. ಎಸ್. ಪಿ. ವೆಂಕಟೇಶ್ವರನ್ ಅವರ ಮುಂದಾಳುತನದಲ್ಲಿ ಅಲ್ಲಿ ಸ್ವದೇಶೀ ತಯಾರಿಕೆ ಮೊದಲಾಗಿತ್ತು. ಮುಂದೆ ಅನ್ನಾ ಮಣಿ ಆ ಹೊಣೆಯನ್ನು ವಹಿಸಿಕೊಂಡರು. ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ಅವುಗಳ ತಯಾರಿಕೆಗೆ ಚಾಲನೆ ನೀಡಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ದೃಢವಾದ ನಿಲುವು. ಗದಗದ ವೀಕ್ಷಣಾಲಯದಲ್ಲಿ ಬರೆದಿಟ್ಟ ಅಂಕಿಯನ್ನು ಪುಣೆಯ ಅಂಕಿಯೊಡನೆ ಹೋಲಿಸಬೇಕಾದರೆ ಎರಡೂ ಕಡೆಯ ಉಪಕರಣಗಳು ಒಂದೇ ಪ್ರಮಾಣಕ್ಕೆ ಹೊಂದಿಕೊಂಡಿರಬೇಕು. ಹೊರಗಣ್ಣಿಗೆ ಕಾಣದ ಈ ಕೆಲಸದ ಮೇಲೆಯೇ ಹವಾಮಾನ ವಿಜ್ಞಾನ ನಿಂತಿದೆ.

1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ಅವರು ದೇಶದಲ್ಲಿ ಸೌರ ವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ಕಟ್ಟಿದರು. 1960ರ ದಶಕದಲ್ಲಿ ಓಜೋನನ್ನು ಅಳೆಯುವ ಸ್ವದೇಶೀ ಉಪಕರಣ ಅವರ ನೇತೃತ್ವದಲ್ಲಿ ಸಿದ್ಧವಾಯಿತು. ವಿಕ್ರಂ ಸಾರಾಭಾಯಿ ಅವರ ಕೋರಿಕೆಯ ಮೇರೆಗೆ ತುಂಬಾ ರಾಕೆಟ್ ಉಡಾವಣಾ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನು ಸ್ಥಾಪಿಸಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು.

ಗಾಳಿಯ ಲೆಕ್ಕ

ನಿವೃತ್ತಿಯ ಬಳಿಕ ಅವರು ಬೆಂಗಳೂರಿಗೆ ಮರಳಿ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಭಾರತದ ಸೌರ ವಿಕಿರಣವನ್ನು ಕುರಿತ ಅವರ ಎರಡು ಗ್ರಂಥಗಳು 1980 ಮತ್ತು 1981ರಲ್ಲಿ ಹೊರಬಂದವು. ಡಿ. ಎ. ಮೂಳೆ ಅವರೊಡಗೂಡಿ ಸಿದ್ಧಪಡಿಸಿದ ಗಾಳಿಶಕ್ತಿಯ ಅಂಕಿಅಂಶಗಳ ಗ್ರಂಥ 1983ರಲ್ಲಿ ಪ್ರಕಟವಾಯಿತು. ಆಮೇಲೆ ದೇಶದ ಉದ್ದಗಲಕ್ಕೂ ಗಾಳಿಯನ್ನು ಅಳೆಯುವ ಸಮೀಕ್ಷೆಯನ್ನು ಅವರು ಬೆಂಗಳೂರಿನಿಂದಲೇ ಮುನ್ನಡೆಸಿದರು. ಗಾಳಿಯ ವೇಗವನ್ನೂ ಸೌರಶಕ್ತಿಯನ್ನೂ ಅಳೆಯುವ ಉಪಕರಣಗಳ ಕಿರು ಕಾರ್ಖಾನೆಯೊಂದನ್ನು ಅದೇ ನಗರದಲ್ಲಿ ತೆರೆದರು.

ಗದಗ ಸೀಮೆಯ ಒಕ್ಕಲಿಗರಿಗೆ ಗಾಳಿ ಹೊಸದಲ್ಲ. ಪಶ್ಚಿಮಘಟ್ಟದ ಮಳೆಯ ಮರೆಯಲ್ಲಿರುವ ಈ ನಾಡಿಗೆ ಮುಂಗಾರಿನ ಮೋಡಕ್ಕಿಂತ ಮುಂಗಾರಿನ ಗಾಳಿ ಹೆಚ್ಚು ಪರಿಚಿತ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಣಗಳಲ್ಲಿ ರಾಶಿ ಮಾಡುವವರು ಗಾಳಿಯ ದಿಕ್ಕು ನೋಡಿ ಕಾಳು ತೂರುತ್ತಿದ್ದರು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆ ಈ ಅನುಭವದಿಂದಲೇ ಮೂಡಿದ್ದು. ಆದರೆ ಕಣಕ್ಕೆ ಸಾಕಾದ ಅರಿವು ವಿದ್ಯುತ್ತಿಗೆ ಸಾಲದು. ಗಾಳಿಯ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗವನ್ನು ಶೇಕಡಾ 10ರಷ್ಟು ಹೆಚ್ಚಾಗಿ ಅಳೆದರೆ ಶಕ್ತಿಯ ಅಂದಾಜು ಶೇಕಡಾ 33ರಷ್ಟು ಏರಿಬಿಡುತ್ತದೆ. ಆ ಲೆಕ್ಕವನ್ನು ನಂಬಿ ಹಣ ಹೂಡಿದವರು ನಷ್ಟಕ್ಕೆ ಗುರಿಯಾಗುತ್ತಾರೆ. ಅದಕ್ಕಾಗಿಯೇ ಎತ್ತರದ ಕಂಬಗಳನ್ನು ನಿಲ್ಲಿಸಿ, ವರ್ಷದ ಎಲ್ಲ ಋತುಗಳಲ್ಲಿ, ಹಗಲಿರುಳೂ ಅಳೆಯುವ ಕ್ರಮವನ್ನು ಈ ಸಮೀಕ್ಷೆ ಅನುಸರಿಸಿತು. ರಾಷ್ಟ್ರೀಯ ಸಮೀಕ್ಷೆಯ ಮಾಪನ ನೆಲೆಗಳಲ್ಲಿ ಕರ್ನಾಟಕದ ಜೋಗಿಮಟ್ಟಿಯಂತೆ ಕಪ್ಪತಗುಡ್ಡವೂ ಸೇರಿತು. ಬೆಂಗಳೂರಿನಲ್ಲಿ ನಡೆಯುತ್ತಿದ್ದ ಈ ಕಾರ್ಯವನ್ನು ಮುಂದೆ 1998ರಲ್ಲಿ ಚೆನ್ನೈನಲ್ಲಿ ಸ್ಥಾಪನೆಯಾದ ಗಾಳಿಶಕ್ತಿ ಸಂಸ್ಥೆ ಮುಂದುವರಿಸಿತು.

ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು 1987ರಲ್ಲಿ ಅನ್ನಾ ಮಣಿ ಅವರಿಗೆ ಕೆ. ಆರ್. ರಾಮನಾಥನ್ ಪದಕವನ್ನಿತ್ತು ಗೌರವಿಸಿತು. 1994ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಅವರು 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನರಾದರು. ಅವರು ಅವಿವಾಹಿತರಾಗಿಯೇ ಉಳಿದಿದ್ದರು.

ಉಪಸಂಹಾರ

ಹರಳಿನ ಮಂದವಾದ ಹೊಳಪಿಗೂ ಗುಡ್ಡದ ನೆತ್ತಿಯ ಬಿರುಸಾದ ಗಾಳಿಗೂ ಮೇಲುನೋಟಕ್ಕೆ ನಂಟಿಲ್ಲ. ಅನ್ನಾ ಮಣಿ ಅವರ ಬದುಕಿನಲ್ಲಿ ಅವೆರಡನ್ನೂ ಬೆಸೆದದ್ದು ಅಳತೆಯ ನಿಷ್ಠೆ. ಹದಿನೈದು ತಾಸು ಛಾಯಾಫಲಕದ ಮುಂದೆ ಕಾದಿರುವ ತಾಳ್ಮೆಯೇ ವರ್ಷಗಟ್ಟಲೆ ಗಾಳಿಯ ಅಂಕಿಗಳನ್ನು ಕೂಡಿಹಾಕುವ ತಾಳ್ಮೆಯಾಗಿ ಬೆಳೆಯಿತು. ವಿಜ್ಞಾನದ ಚರಿತ್ರೆಯು ಪದವಿ ಪ್ರಶಸ್ತಿಗಳನ್ನು ಪಡೆದವರ ಹೆಸರುಗಳಿಂದ ತುಂಬಿದೆ. ಪದವಿ ತಪ್ಪಿದವರ ಕೆಲಸವು ಗ್ರಂಥಾಲಯದ ಕಪಾಟಿನಲ್ಲಿ ಅದೇ ಬಗೆಯ ಹೊದಿಕೆಯಡಿ ಉಳಿದಿರುತ್ತದೆ. ಅದನ್ನು ತೆರೆದು ಓದುವುದು ಚರಿತ್ರಕಾರನ ಕರ್ತವ್ಯ.

ಕಪ್ಪತಗುಡ್ಡಕ್ಕೂ ಈ ಮಾತು ಅನ್ವಯಿಸುತ್ತದೆ. ಔಷಧೀಯ ಸಸ್ಯಗಳಿಗೆ ಹೆಸರಾದ ಈ ಸಾಲಿನ ಒಂದು ಭಾಗವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಚಿನ್ನ, ಗಾಳಿ, ಕಾಡು ಎಂಬ ಮೂರು ಸಂಪತ್ತುಗಳಲ್ಲಿ ಯಾವುದನ್ನು ಎಷ್ಟು ಬಳಸಬೇಕು, ಯಾವುದನ್ನು ಹಾಗೆಯೇ ಉಳಿಸಬೇಕು ಎಂಬ ವಿವಾದ ಇಲ್ಲಿ ಮತ್ತೆಮತ್ತೆ ಏಳುತ್ತದೆ. ಅಂತಹ ಸಂದರ್ಭಗಳಲ್ಲಿ ಆವೇಶದ ಮಾತಿಗಿಂತ ನಂಬಲರ್ಹವಾದ ಅಳತೆ ಹೆಚ್ಚು ನೆರವಾಗುತ್ತದೆ. ಗಾಳಿಯನ್ನು ಅಳೆದಷ್ಟೇ ಶ್ರದ್ಧೆಯಿಂದ ಗುಡ್ಡದ ಮಣ್ಣು, ನೀರು, ಸಸ್ಯಗಳನ್ನೂ ಅಳೆದು ದಾಖಲಿಸುವ ಕಾರ್ಯ ನಡೆದಾಗ ಅನ್ನಾ ಮಣಿ ಅವರು ಹಾಕಿಕೊಟ್ಟ ಮೇಲ್ಪಂಕ್ತಿ ಈ ನಾಡಿನಲ್ಲಿ ಸಾರ್ಥಕವಾಗುವುದು.